ವಿದ್ಯೆಯ ಮುಯ್ಯಾಳು

ಭದ್ರಾ ನದಿಯ ದಡದಲ್ಲಿರುವ ಭದ್ರಾವತಿ ನಮ್ಮ ನಾಡಿನ ಹೆಸರಾಂತ ಕೈಗಾರಿಕಾ ಪಟ್ಟಣಗಳಲ್ಲೊಂದು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾದ ಕಬ್ಬಿಣದ ಕಾರ್ಖಾನೆ ಇಲ್ಲಿ ೧೯೨೩ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ೧೯೩೬ರಲ್ಲಿ, ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಈ ಕಾರ್ಖಾನೆಯ ಸುತ್ತ ಕಾರ್ಮಿಕರ ಮನೆಗಳೆದ್ದು ಬೆಳೆದ ಬಡಾವಣೆಯೇ ಕಾಗದನಗರ. ಮಲೆನಾಡಿನ ಬಿದಿರು ಇಲ್ಲಿ ಕಾಗದವಾಗಿ ಮಾರ್ಪಟ್ಟು ನಾಡಿನ ನಾನಾ ಭಾಗಗಳಿಗೆ ಹೋಗುತ್ತಿತ್ತು. ಆದರೆ ಕಾಗದವನ್ನು ತಯಾರಿಸುವವರೆಲ್ಲರಿಗೂ ಆ ಕಾಗದದ ಮೇಲೆ ಅಚ್ಚಾಗುವ ವಿದ್ಯೆ ದೊರೆಯುತ್ತಿತ್ತೆ? ಈ ಪ್ರಶ್ನೆ ಯೋಚಿಸತಕ್ಕದ್ದಾಗಿದೆ.

೧೯೭೦ರ ದಶಕದ ಕಾಗದನಗರದ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ಪಿ.ಯು.ಸಿ. ಮುಗಿಸಿದ ಕೂಡಲೇ ಮನೆಯ ಹೊಣೆ ಹೆಗಲೇರಿ ಆತ ಕಾರ್ಖಾನೆಗೆ ಸೇರಿದ್ದಾನೆ. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ಮಧ್ಯಾಹ್ನದ ಪಾಳಿ, ಮತ್ತೊಂದು ವಾರ ರಾತ್ರಿಯ ಪಾಳಿ. ಮುಂದೆ ಓದಬೇಕೆಂಬ ಹಂಬಲ ಆತನಲ್ಲಿ ಆರಿಲ್ಲ. ಆದರೆ ಯಾವ ಕಾಲೇಜು ತಾನೇ ಆತನ ಪಾಳಿಗೆ ತಕ್ಕಂತೆ ತನ್ನ ಗಂಟೆಯನ್ನು ಬಾರಿಸೀತು? ಇಂಥ ಸಂಕಟ ಆತನೊಬ್ಬನದೇ ಅಲ್ಲ. ಮದುವೆಯಾದ ಮೇಲೆ ಓದನ್ನು ನಿಲ್ಲಿಸಿದ ಹೆಣ್ಣುಮಗಳು, ತಂದೆಯ ಗದ್ದೆ ತೋಟಗಳನ್ನು ನೋಡಿಕೊಳ್ಳಬೇಕಾದ ಹಿರಿಯ ಮಗ, ಗಡಿಯಲ್ಲಿ ಕಾವಲಿರುವ ಸೈನಿಕ, ನಡೆದಾಡಲಾಗದೆ ಮನೆಯಲ್ಲೇ ಉಳಿದವರು, ಇವರೆಲ್ಲರ ಪಾಡೂ ಅದೇ ಆಗಿತ್ತು. ಬುದ್ಧಿಯಿದ್ದರೂ ಹಂಬಲವಿದ್ದರೂ ವಿದ್ಯಾಲಯದ ಬಾಗಿಲು ಇವರ ಪಾಲಿಗೆ ಮುಚ್ಚಿತ್ತು.

ವಿದ್ಯಾರ್ಥಿಯು ವಿದ್ಯಾಲಯಕ್ಕೆ ಹೋಗಲಾರನಾದರೆ ವಿದ್ಯಾಲಯವೇ ವಿದ್ಯಾರ್ಥಿಯ ಬಳಿಗೆ ಬರಬೇಕು. ದೂರಶಿಕ್ಷಣದ ಮೂಲತತ್ತ್ವ ಇಷ್ಟೆ. ಈ ತತ್ತ್ವ ನಮ್ಮ ನಾಡಿಗೆ ಹೊಸದಲ್ಲ. ೧೯೩೦ರ ದಶಕದಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿದರು. ಆ ಉಪನ್ಯಾಸಗಳು ಚಿಕ್ಕ ಪುಸ್ತಕಗಳಾಗಿ ಅಚ್ಚಾಗಿ ಸಾಮಾನ್ಯ ಜನರ ಕೈ ಸೇರಿದವು. ೧೯೩೫ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ನಮ್ಮ ಬಾನುಲಿಗೆ ಬಂದದ್ದು ಅಲ್ಲಿಂದಲೇ. ಗೋಡೆಗಳಿಲ್ಲದ ತರಗತಿಯ ಕನಸನ್ನು ಒಬ್ಬ ಅಧ್ಯಾಪಕರು ಹೀಗೆ ಕಂಡರೆಂಬುದು ಗಮನಾರ್ಹ. ಭದ್ರಾವತಿಗೂ ೧೯೬೫ರಲ್ಲಿ ತನ್ನದೇ ಆಕಾಶವಾಣಿ ಕೇಂದ್ರವೊಂದು ಲಭಿಸಿತು.

ಪದವಿ ಶಿಕ್ಷಣವನ್ನು ಅಂಚೆಯ ಮೂಲಕ ಕೊಡುವ ಪ್ರಯತ್ನ ಭಾರತದಲ್ಲಿ ಮೊದಲಾದದ್ದು ೧೯೬೨ರಲ್ಲಿ, ದೆಹಲಿ ವಿಶ್ವವಿದ್ಯಾನಿಲಯದಲ್ಲಿ. ೧೯೬೯ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. 'ತೆರಪು' ಎಂದರೆ ಬಿಡುವು. ದುಡಿಮೆಯ ನಡುವಣ ಬಿಡುವಿನ ವೇಳೆಯಲ್ಲಿ ಪಡೆಯುವ ಶಿಕ್ಷಣವೇ ತೆರಪಿನ ಶಿಕ್ಷಣ. ಎಂಥ ಅಚ್ಚುಕಟ್ಟಾದ ಕನ್ನಡ ಪದವಿದು! ಈ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿದ ವಿದ್ಯಾರ್ಥಿಗೆ ಮುದ್ರಿತ ಪಾಠಗಳು ಅಂಚೆಯಲ್ಲಿ ಬರುತ್ತವೆ. ಆತ ಅವನ್ನು ತನ್ನ ಬಿಡುವಿನಲ್ಲಿ ಓದಿಕೊಳ್ಳುತ್ತಾನೆ. ರಜೆಯ ದಿನಗಳಲ್ಲಿ ನಡೆಯುವ ಸಂಪರ್ಕ ತರಗತಿಗಳಲ್ಲಿ ಅಧ್ಯಾಪಕರನ್ನು ಕಂಡು ಸಂದೇಹಗಳನ್ನು ಪರಿಹರಿಸಿಕೊಳ್ಳುತ್ತಾನೆ. ವರ್ಷದ ಕೊನೆಯಲ್ಲಿ ಪರೀಕ್ಷೆಗೆ ಕುಳಿತುಕೊಳ್ಳುತ್ತಾನೆ. ಕಾಗದನಗರದ ತರುಣನಂಥವರಿಗೆ ಇದು ಮರುಜೀವ ಕೊಟ್ಟಂತಾಯಿತು.

ಇಲ್ಲಿ ಎರಡು ಪದಗಳ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ಅವಶ್ಯಕ. ಗುರು ಮತ್ತು ಶಿಷ್ಯ ಒಂದೇ ಸ್ಥಳದಲ್ಲಿಲ್ಲದಿದ್ದರೂ ನಡೆಯುವ ಶಿಕ್ಷಣ ದೂರಶಿಕ್ಷಣ. ಪ್ರವೇಶಕ್ಕೆ ವಯಸ್ಸು, ಹಿಂದಿನ ಅಂಕಗಳು ಮೊದಲಾದ ಕಟ್ಟುಪಾಡುಗಳನ್ನು ಸಡಿಲಿಸಿದ ಶಿಕ್ಷಣ ಮುಕ್ತಶಿಕ್ಷಣ. ಈ ಎರಡನ್ನೂ ಬೆಸೆದು ಜಗತ್ತಿನ ಗಮನ ಸೆಳೆದ ಸಂಸ್ಥೆ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ. ೧೯೬೯ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಮೊದಲ ತಂಡ ೧೯೭೧ರಲ್ಲಿ ಓದಲು ತೊಡಗಿದಾಗ ಅದರಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳಿದ್ದರು. ಅಲ್ಲಿ ಸೇರಲು ಯಾವ ಪೂರ್ವಪರೀಕ್ಷೆಯ ಪ್ರಮಾಣಪತ್ರವೂ ಬೇಕಿರಲಿಲ್ಲ. ಪಾಠದ ಪುಸ್ತಕಗಳು ಅಂಚೆಯಲ್ಲಿ ಬಂದವು. ಪೂರಕವಾದ ಉಪನ್ಯಾಸಗಳು ಬಾನುಲಿಯಲ್ಲಿ, ದೂರದರ್ಶನದಲ್ಲಿ ಪ್ರಸಾರವಾದವು. ವಿಜ್ಞಾನದ ವಿದ್ಯಾರ್ಥಿಗಳಿಗೆ ಚಿಕ್ಕ ಸೂಕ್ಷ್ಮದರ್ಶಕವನ್ನೊಳಗೊಂಡ ಪ್ರಯೋಗ ಪೆಟ್ಟಿಗೆಯೇ ಮನೆಗೆ ಬಂದಿತು. ಅಡುಗೆಮನೆಯ ಮೇಜು ಪ್ರಯೋಗಶಾಲೆಯಾಯಿತು.

ದೂರಶಿಕ್ಷಣವೆಂದರೆ ಒಬ್ಬಂಟಿಯಾಗಿ ಕುಳಿತು ಓದುವುದು ಎಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವವಾಗಿ ವಿಷಯ ಇದಕ್ಕೆ ತೀರ ವಿರುದ್ಧವಾಗಿದೆ. ಒಂದು ಪಾಠ ವಿದ್ಯಾರ್ಥಿಯ ಕೈ ಸೇರುವ ಮೊದಲು ಎಷ್ಟು ಜನರ ದುಡಿಮೆ ಅದರ ಹಿಂದಿರಬೇಕು! ವಿಷಯ ಬಲ್ಲವರು ಅದನ್ನು ಬರೆಯಬೇಕು. ಭಾಷೆ ಬಲ್ಲವರು ತಿದ್ದಬೇಕು. ಮುದ್ರಣಾಲಯ ಅಚ್ಚು ಹಾಕಬೇಕು. ಅಂಚೆಯವರು ಸಕಾಲಕ್ಕೆ ತಲುಪಿಸಬೇಕು. ಊರಿನ ಕಾಲೇಜು ರಜೆಯ ದಿನ ತನ್ನ ಕೊಠಡಿಗಳನ್ನು ಸಂಪರ್ಕ ತರಗತಿಗೆ ಬಿಟ್ಟುಕೊಡಬೇಕು. ಬಾನುಲಿ ಕೇಂದ್ರ ತನ್ನ ವೇಳೆಯಲ್ಲಿ ಪಾಲು ಕೊಡಬೇಕು. ಇವರಲ್ಲಿ ಒಬ್ಬರು ಕೈಬಿಟ್ಟರೂ ದೂರದ ಹಳ್ಳಿಯಲ್ಲಿ ದೀಪದ ಮುಂದೆ ಕುಳಿತವನ ಓದು ನಿಲ್ಲುತ್ತದೆ. ತರಗತಿಯ ವಿದ್ಯಾರ್ಥಿಗೆ ಒಬ್ಬ ಗುರು ಸಾಕು; ದೂರದ ವಿದ್ಯಾರ್ಥಿಗೆ ಹತ್ತು ಕೈಗಳು ಬೇಕು. ಆದುದರಿಂದ ಸಹಕಾರವೇ ದೂರಶಿಕ್ಷಣದ ಪ್ರಾಣ.

ಮಲೆನಾಡಿನ ರೈತರಿಗೆ ಇಂಥ ಸಹಕಾರದ ಮರ್ಮ ಚೆನ್ನಾಗಿ ಗೊತ್ತು. ಅವರಲ್ಲಿ ಮುಯ್ಯಾಳು ಎಂಬ ಪದ್ಧತಿಯೊಂದಿದೆ. ನಾಟಿಯ ಕಾಲ ಬಂದಾಗ ಮಳೆ ಯಾರಿಗಾಗಿಯೂ ಕಾಯುವುದಿಲ್ಲ. ಒಂದು ಮನೆಯವರೇ ತಮ್ಮ ಗದ್ದೆಯನ್ನೆಲ್ಲ ನೆಟ್ಟು ಮುಗಿಸುವಷ್ಟರಲ್ಲಿ ಹದ ತಪ್ಪಿಹೋಗುತ್ತದೆ. ಆಗ ನೆರೆಹೊರೆಯವರೆಲ್ಲ ಕೂಡಿ ಇಂದು ಒಬ್ಬರ ಗದ್ದೆಯನ್ನು, ನಾಳೆ ಇನ್ನೊಬ್ಬರ ಗದ್ದೆಯನ್ನು ನೆಡುತ್ತಾರೆ. ಇದರಲ್ಲಿ ಕೂಲಿಯ ಮಾತಿಲ್ಲ. ಆಳಿಗೆ ಪ್ರತಿಯಾಗಿ ಆಳು, ದುಡಿಮೆಗೆ ಪ್ರತಿಯಾಗಿ ದುಡಿಮೆ. ಪ್ರತಿಯೊಬ್ಬರ ಗದ್ದೆಯೂ ಅವರವರದಾಗಿಯೇ ಉಳಿಯುತ್ತದೆ. ಆದರೆ ಊರಿನ ನಾಟಿ ಸಕಾಲಕ್ಕೆ ಮುಗಿಯುತ್ತದೆ. ವಿದ್ಯೆಯ ಗದ್ದೆಯಲ್ಲಿಯೂ ಇಂಥ ಮುಯ್ಯಾಳು ಸಾಧ್ಯವೆಂಬುದನ್ನು ಯೂರೋಪಿನ ಮುಕ್ತ ವಿಶ್ವವಿದ್ಯಾನಿಲಯಗಳು ತೋರಿಸಿಕೊಟ್ಟಿವೆ.

ಬ್ರಿಟನ್ನಿನ ಪ್ರಯೋಗವನ್ನು ಕಂಡು ಯೂರೋಪಿನ ಇತರ ದೇಶಗಳೂ ಈ ದಾರಿ ಹಿಡಿದವು. ಸ್ಪೇನ್ ದೇಶ ೧೯೭೨ರಲ್ಲಿ ದೂರಶಿಕ್ಷಣ ವಿಶ್ವವಿದ್ಯಾನಿಲಯವೊಂದನ್ನು ತೆರೆಯಿತು. ಜರ್ಮನಿಯಲ್ಲಿ ೧೯೭೪ರಲ್ಲಿ ಹಾಗೆನ್ ಎಂಬ ನಗರದಲ್ಲಿ, ನೆದರ್ಲೆಂಡ್ಸ್‌ನಲ್ಲಿ ೧೯೮೪ರಲ್ಲಿ ಹೇರ್ಲೆನ್ ಎಂಬ ನಗರದಲ್ಲಿ ಇಂಥ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಈ ಎರಡು ನಗರಗಳ ಕಥೆ ಭದ್ರಾವತಿಯ ಜನರಿಗೆ ತೀರ ಪರಿಚಿತವೆನಿಸೀತು. ಹಾಗೆನ್ ಕಬ್ಬಿಣ ಉಕ್ಕುಗಳ ಕೆಲಸಕ್ಕೆ ಹೆಸರಾದ ನಗರ. ಹೇರ್ಲೆನ್ ಕಲ್ಲಿದ್ದಲ ಗಣಿಗಳ ನಗರ. ೧೯೬೫ರಲ್ಲಿ ಅಲ್ಲಿನ ಸರ್ಕಾರ ಗಣಿಗಳನ್ನು ಮುಚ್ಚಲು ನಿರ್ಧರಿಸಿತು. ೧೯೭೪ರ ಕೊನೆಗೆ ಕೊನೆಯ ಗಣಿಯೂ ಮುಚ್ಚಿತು. ತಲೆಮಾರುಗಳಿಂದ ನೆಲದಾಳದಲ್ಲಿ ದುಡಿದವರ ಬದುಕು ಒಮ್ಮೆಗೇ ಬರಿದಾಯಿತು. ಅಂಥ ಊರಿನಲ್ಲಿ ಹತ್ತು ವರ್ಷಗಳ ತರುವಾಯ ಮುಕ್ತ ವಿಶ್ವವಿದ್ಯಾನಿಲಯವೊಂದು ತಲೆಯೆತ್ತಿತು. ನಮ್ಮ ಕಾಗದನಗರದ ಕಾರ್ಖಾನೆಯ ಯಂತ್ರಗಳೂ ೨೦೧೫ರಲ್ಲಿ ನಿಂತವು. ಒಂದು ಕಸುಬು ನಿಂತಾಗ ಇನ್ನೊಂದನ್ನು ಕಲಿಯುವ ದಾರಿ ತೆರೆದಿರಬೇಕು. ನಲವತ್ತು ವರ್ಷದವನೂ ಮತ್ತೆ ವಿದ್ಯಾರ್ಥಿಯಾಗಲು ಅವಕಾಶವಿರಬೇಕು. ಮುಕ್ತಶಿಕ್ಷಣದ ಬೆಲೆ ತಿಳಿಯುವುದು ಇಂಥ ಕಡೆಗಳಲ್ಲಿಯೇ.

ಯೂರೋಪಿನ ಈ ವಿಶ್ವವಿದ್ಯಾನಿಲಯಗಳಿಗೆ ಬಹು ಬೇಗ ಒಂದು ಸತ್ಯ ಅರಿವಾಯಿತು. ಒಳ್ಳೆಯ ಪಾಠಕ್ರಮವೊಂದನ್ನು ಸಿದ್ಧಪಡಿಸಲು ಬಹಳ ಹಣ, ಬಹಳ ಕಾಲ ಬೇಕು. ಒಂದೇ ವಿಷಯದ ಪಾಠವನ್ನು ಪ್ರತಿಯೊಂದು ದೇಶವೂ ಮೊದಲಿನಿಂದ ಬರೆಯುವುದು ವ್ಯರ್ಥ ಶ್ರಮ. ಅಲ್ಲದೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ದುಡಿಮೆಗಾಗಿ ಹೋದವರ ಓದು ನಡುವೆಯೇ ಮುರಿದುಬೀಳುತ್ತಿತ್ತು. ಈ ತೊಡಕುಗಳನ್ನು ನಿವಾರಿಸಲು ಅವು ೧೯೮೭ರಲ್ಲಿ ಒಂದುಗೂಡಿ ಯೂರೋಪಿನ ದೂರಶಿಕ್ಷಣ ವಿಶ್ವವಿದ್ಯಾನಿಲಯಗಳ ಸಂಘವನ್ನು ಕಟ್ಟಿದವು. ಮುಂದೆ ಆ ಸಂಘ ಹಲವು ದೇಶಗಳ ಅಧ್ಯಯನ ಕೇಂದ್ರಗಳನ್ನು ಒಂದು ಜಾಲವಾಗಿ ಹೆಣೆಯಿತು. ಒಂದು ದೇಶದ ವಿದ್ಯಾರ್ಥಿಯು ಇನ್ನೊಂದು ದೇಶದ ಕೇಂದ್ರದಲ್ಲಿಯೂ ನೆರವು ಪಡೆಯಬೇಕೆಂಬುದು ಇದರ ಉದ್ದೇಶವಾಗಿತ್ತು.

ಪಾಠ ಬರೆಯುವುದರಲ್ಲಿಯೂ ಈ ಕೂಡುದುಡಿಮೆ ಕಾಣಿಸಿತು. ಬ್ರಿಟನ್, ನೆದರ್ಲೆಂಡ್ಸ್, ಜರ್ಮನಿ ಮೊದಲಾದ ದೇಶಗಳ ಅಧ್ಯಾಪಕರು ಒಟ್ಟಿಗೆ ಕುಳಿತು 'ಯೂರೋಪ್ ಎಂದರೇನು?' ಎಂಬ ಪಾಠಕ್ರಮವನ್ನು ರಚಿಸಿದರು. ಅದರ ಪುಸ್ತಕಗಳು ೧೯೯೩ರಲ್ಲಿ ಪ್ರಕಟವಾದವು. ಅರ್ಧ ಶತಮಾನದ ಹಿಂದೆ ಯುದ್ಧಭೂಮಿಯಲ್ಲಿ ಪರಸ್ಪರ ಎದುರಾಗಿದ್ದ ದೇಶಗಳ ವಿದ್ವಾಂಸರು ತಮ್ಮೆಲ್ಲರ ಚರಿತ್ರೆಯನ್ನು ಕುರಿತು ಒಂದೇ ಪಾಠವನ್ನು ಕೂಡಿ ಬರೆದದ್ದು ಸಾಮಾನ್ಯ ಸಂಗತಿಯಲ್ಲ.

ಈ ನಡುವೆ ಯೂರೋಪಿನ ಪೂರ್ವಭಾಗದಲ್ಲಿ ದೊಡ್ಡ ಬದಲಾವಣೆ ಆಗಿತ್ತು. ೧೯೮೯ರಲ್ಲಿ ಬರ್ಲಿನ್ ಗೋಡೆ ಉರುಳಿತು. ಪೂರ್ವ ಪಶ್ಚಿಮಗಳ ನಡುವಣ ಬೇಲಿ ತೆರೆದೊಡನೆಯೇ ಶಿಕ್ಷಕರು ಕೈ ಚಾಚಿದರು. ೧೯೯೧ರಲ್ಲಿ ಯೂರೋಪಿನ ದೂರಶಿಕ್ಷಣ ಜಾಲವೆಂಬ ಮತ್ತೊಂದು ಸಂಘಟನೆ ಹುಟ್ಟಿತು. ಇದರ ಕಚೇರಿ ಹಲವು ವರ್ಷ ಹಂಗೇರಿಯ ರಾಜಧಾನಿಯಾದ ಬುಡಾಪೆಸ್ಟ್‌ನಲ್ಲಿ ಇತ್ತು. ಮೊದಲಿನದು ವಿಶ್ವವಿದ್ಯಾನಿಲಯಗಳ ಸಂಘ. ಇದರಲ್ಲಾದರೋ ಸಂಸ್ಥೆಗಳಲ್ಲದೆ ಒಬ್ಬೊಬ್ಬ ಅಧ್ಯಾಪಕರೂ ಸದಸ್ಯರಾಗಬಹುದಾಗಿತ್ತು. ಎರಡು ಜಾಲಗಳಿಗೂ ತಮ್ಮ ತಮ್ಮ ಕೆಲಸವಿತ್ತು. ಒಂದು ಇನ್ನೊಂದನ್ನು ನುಂಗಲು ಹೋಗಲಿಲ್ಲ.

ಸಹಕಾರಕ್ಕೆ ಒಳ್ಳೆಯ ಮನಸ್ಸೊಂದೇ ಸಾಲದು, ಸಮಾನವಾದ ಅಳತೆಗೋಲೂ ಬೇಕು. ಒಂದು ಊರಿನ ಸೇರು ಇನ್ನೊಂದು ಊರಿನ ಸೇರಿಗಿಂತ ಚಿಕ್ಕದಾದರೆ ವ್ಯಾಪಾರ ನಡೆಯುವುದೆಂತು? ಹಾಗೆಯೇ ಒಂದು ವಿಶ್ವವಿದ್ಯಾನಿಲಯದಲ್ಲಿ ಕಲಿತದ್ದನ್ನು ಇನ್ನೊಂದು ಒಪ್ಪಿಕೊಳ್ಳಬೇಕಾದರೆ ಕಲಿಕೆಯನ್ನು ಅಳೆಯುವ ಸಾಮಾನ್ಯ ಮಾನವೊಂದು ಬೇಕು. ಅದನ್ನೇ 'ಕ್ರೆಡಿಟ್' ಎನ್ನುತ್ತಾರೆ. ಯೂರೋಪಿನಲ್ಲಿ ಈ ಪದ್ಧತಿ ೧೯೮೯ರಲ್ಲಿ ಬಳಕೆಗೆ ಬಂದಿತು. ಪೂರ್ಣಕಾಲದ ಒಂದು ವರ್ಷದ ಓದು ೬೦ ಕ್ರೆಡಿಟ್‌ಗಳಿಗೆ ಸಮ. ೧೯೯೯ರಲ್ಲಿ ೨೯ ದೇಶಗಳು ಇಟಲಿಯ ಬೊಲೊನ್ಯ ನಗರದಲ್ಲಿ ಸೇರಿ ತಮ್ಮ ಪದವಿಗಳನ್ನು ಪರಸ್ಪರ ಹೋಲಿಸಬಲ್ಲ ರೀತಿಯಲ್ಲಿ ರೂಪಿಸಲು ಒಪ್ಪಿಕೊಂಡವು. ಭಾರತದಲ್ಲಿಯೂ ೨೦೨೧ರಲ್ಲಿ ವಿದ್ಯಾರ್ಥಿಗಳ ಕ್ರೆಡಿಟ್‌ಗಳನ್ನು ಕೂಡಿಡುವ ರಾಷ್ಟ್ರೀಯ ವ್ಯವಸ್ಥೆಯೊಂದು ಆರಂಭವಾಯಿತು. ಹಣವನ್ನು ಬ್ಯಾಂಕಿನಲ್ಲಿಟ್ಟಂತೆ ಓದಿ ಗಳಿಸಿದ್ದನ್ನು ಅಲ್ಲಿ ಇಟ್ಟು, ಬೇಕಾದಾಗ ಮುಂದಿನ ಓದಿಗೆ ಬಳಸಿಕೊಳ್ಳಬಹುದು.

ನಮ್ಮ ದೇಶದ ಸಹಕಾರದ ಕಥೆಯೂ ಕಡಿಮೆಯದಲ್ಲ. ೧೯೭೫ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನ ಪಾಠಗಳು ಪ್ರಸಾರವಾದವು. ಅವುಗಳಲ್ಲಿ ಕರ್ನಾಟಕದ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಉಪಗ್ರಹ ಅಮೆರಿಕದ್ದು, ಭೂಕೇಂದ್ರ ಭಾರತದ್ದು, ಪಾಠದ ಮಾತು ಕನ್ನಡದ್ದು! ೧೯೮೨ರಲ್ಲಿ ಭಾರತದ ಮೊದಲ ಮುಕ್ತ ವಿಶ್ವವಿದ್ಯಾನಿಲಯ ನೆರೆಯ ಆಂಧ್ರಪ್ರದೇಶದಲ್ಲಿ, ೧೯೮೫ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ದೆಹಲಿಯಲ್ಲಿ ಸ್ಥಾಪನೆಯಾದವು. ಈ ರಾಷ್ಟ್ರೀಯ ಸಂಸ್ಥೆ ಸಿದ್ಧಪಡಿಸಿದ ಪಾಠಗಳನ್ನು ರಾಜ್ಯಗಳ ಮುಕ್ತ ವಿಶ್ವವಿದ್ಯಾನಿಲಯಗಳೂ ಬಳಸಿಕೊಳ್ಳುವ ಏರ್ಪಾಟು ಮುಂದೆ ಬೆಳೆಯಿತು. ಕರ್ನಾಟಕದಲ್ಲಿ ಮೈಸೂರಿನ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯೇ ೧೯೯೬ರ ಜೂನ್ ೧ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಿತು. ಮುಕ್ತಗಂಗೋತ್ರಿಯೆಂಬ ಅದರ ಆವರಣ ಮೈಸೂರಿನಲ್ಲಿದ್ದರೂ ಶಿವಮೊಗ್ಗ ಮೊದಲಾದ ಊರುಗಳಲ್ಲಿ ಅದರ ಪ್ರಾದೇಶಿಕ ಕೇಂದ್ರಗಳಿವೆ.

ಸಹಕಾರದಲ್ಲಿ ಹೊಣೆಗಾರಿಕೆ ತಪ್ಪಿದರೆ ಏನಾಗುವುದೆಂಬುದನ್ನೂ ನಾವು ಮರೆಯಬಾರದು. ಹೊರಗಿನ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು ರಾಜ್ಯದ ಗಡಿಯಾಚೆಯೂ ಪಾಠಕ್ರಮಗಳನ್ನು ನಡೆಸಿದ್ದು ನಿಯಮಗಳಿಗೆ ವಿರುದ್ಧವೆಂಬ ಕಾರಣದಿಂದ, ೨೦೧೨-೧೩ರಿಂದ ಈಚೆಗೆ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ ೨೦೧೫ರಲ್ಲಿ ಪ್ರಕಟಿಸಿತು. ೨೦೧೮ರಲ್ಲಿ ಮಾನ್ಯತೆ ಮತ್ತೆ ದೊರೆಯಿತು. ನಡುವಣ ವರ್ಷಗಳಲ್ಲಿ ಕಳವಳಕ್ಕೀಡಾದವರು ಯಾರು? ಹಗಲು ದುಡಿದು ಇರುಳು ಓದಿದ ವಿದ್ಯಾರ್ಥಿಗಳು. ದೂರದ ವಿದ್ಯಾರ್ಥಿಗೆ ತನ್ನ ಸಂಸ್ಥೆಯ ಗೋಡೆ, ಗಂಟೆ, ಗುರು ಯಾವುದೂ ಕಣ್ಣೆದುರಿಗಿಲ್ಲ. ಆತನ ಬಳಿ ಇರುವುದು ನಂಬಿಕೆಯೊಂದೇ. ಮುಯ್ಯಾಳಿಗೆ ಬಂದವನು ಸಸಿಯನ್ನು ಸರಿಯಾಗಿ ನೆಡದಿದ್ದರೆ ನಷ್ಟ ಗದ್ದೆಯ ಒಡೆಯನಿಗೆ. ಆದುದರಿಂದ ಯಾರೊಡನೆ ಕೈ ಜೋಡಿಸುತ್ತೇವೆ, ಪಾಠದ ಗುಣಕ್ಕೆ ಯಾರು ಹೊಣೆ, ಪರೀಕ್ಷೆಗೆ ಯಾರು ಹೊಣೆ ಎಂಬುದು ಮೊದಲೇ ಸ್ಪಷ್ಟವಾಗಿರಬೇಕು. ಗುಣವನ್ನು ಪರಿಶೀಲಿಸುವ ಕಟ್ಟುನಿಟ್ಟಿನ ವ್ಯವಸ್ಥೆ ಇರಬೇಕು. ಕೇವಲ ಹೆಸರನ್ನು ಹಂಚಿಕೊಳ್ಳುವುದು ಸಹಕಾರವಲ್ಲ. ಹೊಣೆಯನ್ನು ಹಂಚಿಕೊಳ್ಳುವುದು ಸಹಕಾರ.

ದೂರಶಿಕ್ಷಣ ದೊಡ್ಡವರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಬೇಕಾಗಿಲ್ಲ. ೨೦೨೦ರಲ್ಲಿ ಕೊರೋನಾ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ನಾಡಿನ ಮಕ್ಕಳೆಲ್ಲರೂ ದೂರದ ವಿದ್ಯಾರ್ಥಿಗಳೇ ಆದರು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಆದರೆ ಎಲ್ಲ ಮನೆಗಳಲ್ಲಿಯೂ ದೂರದರ್ಶನವಾಗಲಿ, ಮೊಬೈಲು ಫೋನಾಗಲಿ ಇರಲಿಲ್ಲ. ಮಲೆನಾಡಿನ ಎಷ್ಟೋ ಕಡೆ ಫೋನಿನ ಸಂಕೇತವೇ ಸಿಗುತ್ತಿರಲಿಲ್ಲ. ಆಗ 'ವಿದ್ಯಾಗಮ' ಎಂಬ ಯೋಜನೆಯಲ್ಲಿ ಶಿಕ್ಷಕರು ತಾವೇ ಹಳ್ಳಿಗಳಿಗೆ ಹೋಗಿ, ಗುಡಿಯ ಜಗಲಿಗಳಲ್ಲಿ, ಮರದ ನೆರಳಿನಲ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ಪಾಠ ಹೇಳಿದರು. ಯಂತ್ರ ಎಷ್ಟೇ ಚುರುಕಾಗಿದ್ದರೂ ಸಂದೇಹ ಬಂದಾಗ ಕೇಳಲು ಒಬ್ಬ ಗುರು ಬೇಕು, ಜೊತೆಗೆ ಕಲಿಯಲು ಒಬ್ಬ ಗೆಳೆಯ ಬೇಕು ಎಂಬುದು ಆ ವರ್ಷ ಎಲ್ಲರಿಗೂ ಮನದಟ್ಟಾಯಿತು.

ಅಂಚೆಯ ಚೀಲದಿಂದ ಉಪಗ್ರಹದವರೆಗೆ, ಉಪಗ್ರಹದಿಂದ ಅಂಗೈಯ ಫೋನಿನವರೆಗೆ ದೂರಶಿಕ್ಷಣದ ಸಾಧನಗಳು ಬದಲಾಗಿವೆ, ಇನ್ನೂ ಬದಲಾಗುತ್ತವೆ. ಬದಲಾಗದೆ ಉಳಿದದ್ದು ಒಂದೇ. ಒಬ್ಬನು ಕಲಿಯಬೇಕಾದರೆ ಹಲವರು ಕೂಡಿ ದುಡಿಯಬೇಕು. ಕಲಿತವನು ತನ್ನ ಸರದಿ ಬಂದಾಗ ಇನ್ನೊಬ್ಬರ ಗದ್ದೆಗೆ ಇಳಿಯಬೇಕು. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಓದನ್ನು ಅರ್ಧಕ್ಕೆ ನಿಲ್ಲಿಸಿದ ಅಕ್ಕನೋ ಅಣ್ಣನೋ ಇದ್ದರೆ, ಬಾಗಿಲು ಇನ್ನೂ ತೆರೆದಿದೆ ಎಂಬ ಮಾತನ್ನು ಅವರಿಗೆ ತಿಳಿಸಿರಿ. ಅರ್ಜಿಯನ್ನು ತುಂಬಲು ನೆರವಾಗಿರಿ. ವಿದ್ಯೆಯ ಮುಯ್ಯಾಳು ಅಷ್ಟು ಚಿಕ್ಕ ಕೆಲಸದಿಂದಲೇ ಪ್ರಾರಂಭವಾಗುತ್ತದೆ.

ಪದಗಳ ಅರ್ಥ

ಮುಯ್ಯಾಳು – ದುಡಿಮೆಗೆ ಪ್ರತಿಯಾಗಿ ದುಡಿಮೆ ಕೊಡುವ ಪದ್ಧತಿ; ಹಾಗೆ ಬಂದ ಆಳು
ತೆರಪು – ಬಿಡುವು
ಪಾಳಿ – ಸರದಿ. ಕಾರ್ಖಾನೆಯಲ್ಲಿ ಗೊತ್ತುಪಡಿಸಿದ ಕೆಲಸದ ವೇಳೆ
ಹದ – ತಕ್ಕ ಕಾಲ, ತಕ್ಕ ಸ್ಥಿತಿ
ಮಾನ್ಯತೆ – ಅಧಿಕೃತ ಒಪ್ಪಿಗೆ
ಮನದಟ್ಟಾಗು – ಚೆನ್ನಾಗಿ ಅರಿವಾಗು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಮೈಸೂರು ಕಾಗದ ಕಾರ್ಖಾನೆ ಯಾವಾಗ ಸ್ಥಾಪನೆಯಾಯಿತು?
೨. 'ಆಕಾಶವಾಣಿ' ಎಂಬ ಹೆಸರಿನೊಡನೆ ಸಂಬಂಧವಿರುವ ಪ್ರಾಧ್ಯಾಪಕರು ಯಾರು?
೩. ಭಾರತದ ಮೊದಲ ಮುಕ್ತ ವಿಶ್ವವಿದ್ಯಾನಿಲಯ ಯಾವ ರಾಜ್ಯದಲ್ಲಿ ಸ್ಥಾಪನೆಯಾಯಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
೧. ದೂರಶಿಕ್ಷಣಕ್ಕೂ ಮುಕ್ತಶಿಕ್ಷಣಕ್ಕೂ ಇರುವ ವ್ಯತ್ಯಾಸವೇನು?
೨. ಹೇರ್ಲೆನ್ ನಗರದ ಕಥೆ ಭದ್ರಾವತಿಯ ಜನರಿಗೆ ಪರಿಚಿತವೆನಿಸುವುದೇಕೆ?
೩. ಕ್ರೆಡಿಟ್ ಪದ್ಧತಿಯ ಅವಶ್ಯಕತೆಯನ್ನು ವಿವರಿಸಿರಿ.

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಮುಯ್ಯಾಳು ಪದ್ಧತಿಗೂ ಯೂರೋಪಿನ ಮುಕ್ತ ವಿಶ್ವವಿದ್ಯಾನಿಲಯಗಳ ಸಹಕಾರಕ್ಕೂ ಇರುವ ಹೋಲಿಕೆಯನ್ನು ವಿವರಿಸಿರಿ.
೨. 'ಹೊಣೆಯನ್ನು ಹಂಚಿಕೊಳ್ಳುವುದು ಸಹಕಾರ' – ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.

ಈ. ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಹೆಗಲೇರು, ಕೈ ಚಾಚು, ಹದ ತಪ್ಪು, ಮನದಟ್ಟಾಗು